ಬಣ್ಣ ಬಳಿಯುವ ಮೊದಲು ಗೋಡೆ ಒಣಗಬೇಕಿತ್ತು: ಹಳೆಯ ಮನೆಯೊಂದರ ನವೀಕರಣದ ಪ್ರಕರಣ ಅಧ್ಯಯನ

ಹಿನ್ನೆಲೆ

ಇಲ್ಲಿ ವಿವರಿಸುತ್ತಿರುವುದು ಸುಮಾರು 80 ವರ್ಷ ಹಳೆಯದಾದ, ಒಂದೇ ಕುಟುಂಬದ ಮೂರು ತಲೆಮಾರು ಒಟ್ಟಿಗೆ ವಾಸಿಸುತ್ತಿರುವ ಮನೆಯೊಂದರ ನವೀಕರಣವನ್ನು. ಮನೆಯ ಸ್ಥಳವನ್ನಾಗಲಿ ಕುಟುಂಬವನ್ನಾಗಲಿ ಗುರುತಿಸಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ಮನೆಯವರನ್ನು ಹಿರಿಯರು, ಮಗ, ಸೊಸೆ ಎಂದಷ್ಟೇ ಕರೆದಿದ್ದೇನೆ. ಹಳೆಯ ಕಟ್ಟಡಗಳ ತಪಾಸಣೆ ಮಾಡುವ ಎಂಜಿನಿಯರ್ ಆಗಿ ಈ ಕೆಲಸದಲ್ಲಿ ಆರಂಭದಿಂದ ಕೊನೆಯವರೆಗೆ ಜೊತೆಗಿದ್ದೆ. ಹಳೆಯ ಮನೆಯನ್ನು ಮತ್ತೆ ಹೊಸದಾಗಿಸಬೇಕೆಂದು ಹೊರಡುವ ಕುಟುಂಬಗಳ ಮುಂದೆ ಬರುವ ಆಯ್ಕೆಗಳಲ್ಲಿ ಹೆಚ್ಚಿನವು ಇಲ್ಲಿ ಒಂದರ ಹಿಂದೊಂದು ಎದುರಾದವು. ಪ್ರತಿಯೊಂದನ್ನೂ ಏಕೆ ಒಪ್ಪಿದೆವು ಅಥವಾ ಬಿಟ್ಟೆವು ಎಂಬುದನ್ನು ಆಗಲೇ ಬರೆದಿಟ್ಟಿದ್ದರಿಂದ ಈ ದಾಖಲೆ ಸಾಧ್ಯವಾಗಿದೆ.

ಮನೆಯ ಗೋಡೆಗಳು ಸುಟ್ಟ ಇಟ್ಟಿಗೆಯವು, ಸುಣ್ಣದ ಗಾರೆಯಲ್ಲಿ ಕಟ್ಟಿದವು. ಹೊರಗೋಡೆಯ ದಪ್ಪ 14 ಇಂಚು. ಮೇಲೆ ಮರದ ತೊಲೆ ಮತ್ತು ರೀಪುಗಳ ಮೇಲೆ ಹೆಂಚಿನ ಚಾವಣಿ, ನಡುಮನೆ ಮತ್ತು ಅಡುಗೆಮನೆಗಳ ಮೇಲೆ ಹಲಗೆ ಹಾಸಿದ ಅಟ್ಟ, ಕೆಳಗೆ ರೆಡ್ ಆಕ್ಸೈಡ್ ನೆಲ. ಕಟ್ಟಿದವರು ಪ್ರತಿ ಕೋಣೆಯಲ್ಲೂ ಸೂರಿನ ಕೆಳಗೆ ಗಾಳಿಕಿಂಡಿಗಳನ್ನು ಇಟ್ಟಿದ್ದರು. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಮನೆ ಹಂತಹಂತವಾಗಿ ಬದಲಾಗಿತ್ತು. ಗೋಡೆಯ ಕೆಳಭಾಗದಲ್ಲಿ ಗಾರೆ ಉದುರುತ್ತಿದೆಯೆಂದು ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟ್ ಪ್ಲಾಸ್ಟರ್ ಹಚ್ಚಿಸಿದ್ದರು. ಎರಡು ಕೋಣೆಗಳ ಹಳೆಯ ನೆಲದ ಮೇಲೆ ಟೈಲ್ಸ್ ಹಾಕಿಸಿದ್ದರು. ಧೂಳು ಬರುತ್ತದೆಂದು ಗಾಳಿಕಿಂಡಿಗಳನ್ನು ಮುಚ್ಚಿಸಿದ್ದರು. ಅಂಗಳದ ಮಣ್ಣಿನ ಮೇಲೆ ಕಾಂಕ್ರೀಟ್, ಅದರ ಮೇಲೆ ಇನ್ನೊಂದು ಪದರ ನೆಲಹಾಸಿನ ಕಲ್ಲು ಬಂದಿತ್ತು. ಇವುಗಳಲ್ಲಿ ಒಂದೂ ಅವಿವೇಕದ ನಿರ್ಧಾರವಾಗಿರಲಿಲ್ಲ. ಪ್ರತಿಯೊಂದೂ ಆಯಾ ಹೊತ್ತಿನ ಒಂದು ನಿಜವಾದ ತೊಂದರೆಗೆ ಕಂಡುಕೊಂಡ ಪರಿಹಾರವೇ ಆಗಿತ್ತು. ಅವೆಲ್ಲ ಒಟ್ಟಾಗಿ ಮನೆಗೆ ಏನು ಮಾಡುತ್ತಿವೆ ಎಂಬುದನ್ನು ಮಾತ್ರ ಯಾರೂ ಕೂತು ನೋಡಿರಲಿಲ್ಲ.

ಸಮಸ್ಯೆ ಮತ್ತು ಮನೆಯವರ ಮೂರು ಅಭಿಪ್ರಾಯಗಳು

ನಮ್ಮನ್ನು ಕರೆಸಿದಾಗ ಕುಟುಂಬ ಒಂದು ಒಮ್ಮತಕ್ಕೆ ಬಂದಿರಲಿಲ್ಲ. ಕೆಡವಿ ಹೊಸದಾಗಿ ಕಟ್ಟುವುದೇ ಲೇಸು ಎಂಬುದು ಮಗನ ಮಾತು. ಬಣ್ಣ ಬಳಿಸಿ ಬಾಗಿಲುಗಳಿಗೆ ಪಾಲಿಷ್ ಕೊಟ್ಟರೆ ಸಾಕು, ಉಳಿದದ್ದನ್ನು ಮುಟ್ಟುವುದು ಬೇಡ ಎಂಬುದು ಹಿರಿಯರ ಅಭಿಪ್ರಾಯ. ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಯನ್ನು ತೆಗೆದು ಒಂದೇ ದೊಡ್ಡ ಜಾಗ ಮಾಡಿಕೊಳ್ಳಬೇಕು ಎಂಬುದು ಸೊಸೆಯ ಆಸೆ. ಇದರ ಜೊತೆಗೆ ಗುತ್ತಿಗೆದಾರರೊಬ್ಬರು ಕೊಟ್ಟ ಪ್ರಸ್ತಾವವೂ ಮೇಜಿನ ಮೇಲಿತ್ತು: ಒದ್ದೆಯಾದ ಗೋಡೆಗೆ ನೀರು ತಡೆಯುವ ಲೇಪನ, ಅದರ ಮೇಲೆ ಅಲಂಕಾರಿಕ ಪ್ಯಾನೆಲ್, ಮೇಲೆ ಫಾಲ್ಸ್ ಸೀಲಿಂಗ್, ಎಲ್ಲ ಕೋಣೆಗಳಿಗೂ ಹೊಸ ಟೈಲ್ಸ್. ಈ ಪ್ರಸ್ತಾವಕ್ಕೆ ಮೂವರೂ ಅರ್ಧ ಮನಸ್ಸಿನಿಂದ ಒಪ್ಪುವ ಹಂತದಲ್ಲಿದ್ದರು. ಕೆಲಸ ಬೇಗ ಮುಗಿಯುತ್ತದೆ ಮತ್ತು ಮುಗಿದ ದಿನ ಮನೆ ನಿಸ್ಸಂದೇಹವಾಗಿ ಹೊಸದಾಗಿ ಕಾಣುತ್ತದೆ ಎಂಬುದು ಅದರ ಆಕರ್ಷಣೆ.

ಮನೆ ಹಳೆಯದೆನ್ನಿಸುವುದು ಯಾವ ಯಾವ ಕಾರಣಕ್ಕೆ ಎಂಬುದನ್ನು ಕೋಣೆ ಕೋಣೆಗೂ ಹೋಗಿ, ಪ್ರತಿಯೊಬ್ಬರೂ ಬೇರೆಬೇರೆಯಾಗಿ ಹೇಳಬೇಕೆಂದು ಕೇಳಿಕೊಂಡದ್ದು ಈ ಪ್ರಕರಣದ ಮೊದಲ ತಿರುವು. ಮೂವರ ಪಟ್ಟಿಯಲ್ಲೂ ಮೊದಲು ಬಂದದ್ದು ಬಣ್ಣವಲ್ಲ, ವಾಸನೆ. ಹೊರಗಿನಿಂದ ಬಂದವರಿಗೆ ಹೊಸ್ತಿಲು ದಾಟುತ್ತಿದ್ದಂತೆ ಮುಗ್ಗಲು ವಾಸನೆ ಬಡಿಯುತ್ತದೆ ಎಂದು ಸೊಸೆ ಹೇಳಿದರೆ, ಕಪಾಟಿನಲ್ಲಿಟ್ಟ ಬಟ್ಟೆಗಳಿಗೂ ಅದೇ ವಾಸನೆ ಹತ್ತಿದೆ ಎಂದು ಹಿರಿಯರು ಹೇಳಿದರು. ಎರಡನೆಯದು ನಡುಮನೆಯ ಕತ್ತಲೆ. ಹಗಲಿನಲ್ಲೂ ಅಲ್ಲಿ ದೀಪ ಬೇಕಿತ್ತು. ಮೂರನೆಯದು ಗೋಡೆಯ ಕೆಳಭಾಗ: ಬಣ್ಣ ಉಬ್ಬಿ ಪದರವಾಗಿ ಏಳುತ್ತಿತ್ತು, ಅದರ ಹಿಂದೆ ಬಿಳಿಯ ಪುಡಿ ಕಾಣುತ್ತಿತ್ತು. ಇಕ್ಕಟ್ಟಾದ ಅಡುಗೆಮನೆ, ಸಾಲದ ಪ್ಲಗ್ ಪಾಯಿಂಟ್‌ಗಳು ಇತ್ಯಾದಿ ಆಮೇಲೆ ಬಂದವು. ಕೆಡವಬೇಕೆನ್ನುತ್ತಿದ್ದ ಮಗನೂ ತನ್ನ ಪಟ್ಟಿಯನ್ನು ನೋಡಿ, ಇದರಲ್ಲಿ ಕೆಡವಿದರೆ ಮಾತ್ರ ಸರಿಹೋಗುವಂಥದ್ದು ಯಾವುದೂ ಇಲ್ಲವಲ್ಲ ಎಂದರು. ಗುತ್ತಿಗೆದಾರರ ಪ್ರಸ್ತಾವ ಮುಟ್ಟುತ್ತಿದ್ದದ್ದು ಮೂರನೆಯದನ್ನು ಮಾತ್ರ, ಅದೂ ಮರೆಮಾಡುವ ಮಟ್ಟಿಗೆ.

ಹಿಂಬದಿಯ ಕೋಣೆಯಲ್ಲಿ ಮಲಗುತ್ತಿದ್ದ ಮಗುವಿಗೆ ಕೆಮ್ಮು ಬಿಡುತ್ತಿರಲಿಲ್ಲ ಎಂಬುದನ್ನೂ ಸೊಸೆ ಹೇಳಿದ್ದರು. ಅದಕ್ಕೆ ಮನೆಯೇ ಕಾರಣವೆಂದು ಹೇಳುವುದು ನಮ್ಮ ಅಧಿಕಾರದ ಮಾತಲ್ಲ, ವೈದ್ಯರನ್ನೇ ಕೇಳಿ ಎಂದೆವು. ಆದರೆ ಒದ್ದೆ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ ಮತ್ತು ಆಸ್ತಮಾ ಉಲ್ಬಣಗೊಳ್ಳುವ ಅಪಾಯ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಗುವಿನ ಮಂಚವನ್ನು ಅಂದೇ ಮುಂದಿನ ಕೋಣೆಗೆ ಸಾಗಿಸಲಾಯಿತು. ಒಂದು ಚಮಚದಷ್ಟೂ ಗಾರೆ ಕಲಸದೆ ಮಾಡಬಹುದಾದ ಇಂಥ ಕೆಲಸಗಳನ್ನು ಯೋಜನೆ ಸಿದ್ಧವಾಗುವವರೆಗೆ ಕಾಯಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀರು ಎಲ್ಲಿಂದ ಬರುತ್ತಿದೆ

ಗೋಡೆ ಒದ್ದೆಯಾಗಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಏಕೆ ಎಂಬುದನ್ನು ಎಲ್ಲರೂ ಊಹಿಸಿದ್ದರು. ಚಾವಣಿ ಸೋರುತ್ತಿದೆ ಎಂದು ಕೆಲವರು, ನೆಲದ ನೀರು ಮೇಲೇರುತ್ತಿದೆ ಎಂದು ಕೆಲವರು. ಮೊದಲು ಮಾಡಿದ್ದು ತೀರ ಸರಳವಾದ ಪರೀಕ್ಷೆ. ಗೋಡೆಯ ಒಂದು ಚೌಕಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಬಿಟ್ಟೆವು. ಹನಿಗಳು ಹಾಳೆಯ ಹೊರಮೈಯಲ್ಲಿ ಮೂಡಿದರೆ ಕೋಣೆಯ ಗಾಳಿಯ ತೇವ ಸಾಂದ್ರವಾಗುತ್ತಿದೆ ಎಂದರ್ಥ. ಹಾಳೆಯ ಹಿಂದೆ ಮೂಡಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ಹಿಂಬದಿಯ ಗೋಡೆಯಲ್ಲಿ ಹಾಳೆಯ ಹಿಂದೆಯೇ ಹನಿಗಳು ಕಂಡವು.

ಎರಡನೆಯದು ಆಳದ ತೇವದ ಅಳತೆ. ಎರಡು ಮುಳ್ಳು ಚುಚ್ಚಿ ನೋಡುವ ವಿದ್ಯುತ್ ಮೀಟರು ಗೋಡೆಯಲ್ಲಿ ಲವಣವಿದ್ದರೆ ಇರುವುದಕ್ಕಿಂತ ಹೆಚ್ಚು ತೇವವನ್ನು ತೋರಿಸುತ್ತದೆ. ಈ ಗೋಡೆಗಳಲ್ಲಿ ಬಿಳಿಯ ಉಪ್ಪು ಕಣ್ಣಿಗೇ ಕಾಣುತ್ತಿದ್ದುದರಿಂದ ಅದನ್ನು ನೆಚ್ಚಲಿಲ್ಲ. ಬದಲಿಗೆ ಬೇರೆಬೇರೆ ಆಳದಲ್ಲಿ ಡ್ರಿಲ್ ಮಾಡಿ ತೆಗೆದ ಪುಡಿಯನ್ನು ಮುಚ್ಚಿದ ಪಾತ್ರೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಜೊತೆ ಬೆರೆಸುವ ವಿಧಾನವನ್ನು ಬಳಸಿದೆವು. ಪುಡಿಯಲ್ಲಿರುವ ನೀರು ಕಾರ್ಬೈಡ್ ಜೊತೆ ಸೇರಿ ಅಸಿಟಿಲೀನ್ ಅನಿಲವಾಗುತ್ತದೆ. ಅನಿಲದ ಒತ್ತಡದಿಂದ ನೀರಿನ ಪ್ರಮಾಣ ತಿಳಿಯುತ್ತದೆ. ಹಿಂಬದಿಯ ಗೋಡೆಯ ಮೇಲ್ಮೈಗಿಂತ ಒಳಭಾಗವೇ ಹೆಚ್ಚು ಒದ್ದೆಯಾಗಿತ್ತು. ಮುಂಭಾಗದ ಎರಡು ಕೋಣೆಗಳ ಗೋಡೆಗಳು ಮಾತ್ರ ಆಳದವರೆಗೂ ಒಣಗಿದ್ದವು. ಆ ಹೊತ್ತಿಗೆ ಇದು ಸಣ್ಣ ಸಂಗತಿಯಂತೆ ಕಂಡಿತ್ತು. ಮುಂದೆ ಇಡೀ ವೇಳಾಪಟ್ಟಿ ನಿಂತದ್ದು ಇದರ ಮೇಲೆಯೇ.

ಮೂರನೆಯ ಸುಳಿವನ್ನು ಕೊಟ್ಟದ್ದು ಯಾವ ಉಪಕರಣವೂ ಅಲ್ಲ. ಸಿಮೆಂಟ್ ಪ್ಲಾಸ್ಟರ್ ನಾಲ್ಕು ಅಡಿಗೆ ನಿಂತಿತ್ತು, ಆದರೆ ಒದ್ದೆಯ ಗೆರೆ ಇದ್ದದ್ದು ಐದು ಅಡಿಗೂ ಮೇಲೆ. ನೆಲದಿಂದ ಏರುವ ತೇವ ಸಾಮಾನ್ಯವಾಗಿ ಮೂರ್ನಾಲ್ಕು ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಏಕೆಂದರೆ ಏರುತ್ತಾ ಏರುತ್ತಾ ಅದು ಗೋಡೆಯ ಎರಡೂ ಮೈಯಿಂದ ಆವಿಯಾಗುತ್ತಿರುತ್ತದೆ. ಇಲ್ಲಿ ಒಳಮೈಯನ್ನು ದಟ್ಟವಾದ ಸಿಮೆಂಟೂ ಅದರ ಮೇಲಿನ ಪ್ಲಾಸ್ಟಿಕ್ ಎಮಲ್ಷನ್ ಬಣ್ಣವೂ ಮುಚ್ಚಿದ್ದವು. ಹೊರಗೆ ಹೋಗಲು ದಾರಿಯಿಲ್ಲದ ನೀರು ಪ್ಲಾಸ್ಟರಿನ ಹಿಂದೆಯೇ ಮೇಲೇರಿ, ಅದು ಮುಗಿಯುವ ಕಡೆ ಹೊರಬರುತ್ತಿತ್ತು. ಸಿಮೆಂಟ್ ಕೆಟ್ಟ ವಸ್ತುವೆಂದು ಇದರ ಅರ್ಥವಲ್ಲ. ಸುಣ್ಣದ ಗಾರೆಯ ಮೆತುವಾದ, ರಂಧ್ರಮಯವಾದ ಗೋಡೆಯ ಮೇಲೆ ಅದಕ್ಕಿಂತ ಗಡುಸಾದ, ನೀರನ್ನು ಬಿಟ್ಟುಕೊಡದ ಪದರ ಕೂತಾಗ ಆಗುವ ಪರಿಣಾಮವಿದು.

ನೀರಿನ ಮೂಲಗಳು ಮೂರಿದ್ದವು. ಮೊದಲನೆಯದಾಗಿ, ಹಿಂದೆ ಒಂದೂವರೆ ಅಡಿ ಎತ್ತರವಿದ್ದ ಪಾಯ ಅಂಗಳದ ಪದರಗಳು ಏರುತ್ತಾ ಹೋದಂತೆ ಹಿಂಬದಿಯಲ್ಲಿ ಕೇವಲ ಮೂರು ಇಂಚಿಗೆ ಇಳಿದಿತ್ತು. ಹೊರನೆಲವು ಒಳನೆಲಕ್ಕಿಂತ ಕನಿಷ್ಠ ಆರು ಇಂಚು ಕೆಳಗಿರಬೇಕೆಂಬ ಸಾಮಾನ್ಯ ನಿಯಮವೂ ಅಲ್ಲಿ ಮುರಿದಿತ್ತು. ಎರಡನೆಯದಾಗಿ, ಸೂರಿನ ನೀರು ಹರಿಯುವ ತಗಡಿನ ದೋಣಿ ಗೋಡೆಯ ಕಡೆಗೆ ವಾಲಿತ್ತು. ಹಿಂಬದಿಯ ಚಾವಣಿಯ ಹರವು ಸುಮಾರು 60 ಚದರ ಮೀಟರ್. 50 ಮಿಲಿಮೀಟರ್ ಮಳೆ ಬಿದ್ದ ದಿನ ಅಲ್ಲಿಂದ ಇಳಿಯುವ ನೀರು 3,000 ಲೀಟರ್. ಅದರ ಒಂದು ಪಾಲು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು ಮತ್ತು ಕಾಂಕ್ರೀಟ್ ಅಂಗಳ ಅದನ್ನು ಇಂಗಲು ಬಿಡದೆ ಅಲ್ಲೇ ನಿಲ್ಲಿಸುತ್ತಿತ್ತು. ಮೂರನೆಯದು ಬಚ್ಚಲುಮನೆಯ ಗೋಡೆಯೊಳಗಿನ ಕೊಳವೆಯ ಒಂದು ಸಂದು. ತೊಟ್ಟಿಕ್ಕುವಷ್ಟೇ ಸೋರುತ್ತಿದ್ದರೂ ಹಗಲಿರುಳೂ ಸೋರುತ್ತಿತ್ತು.

ಕೈಗೊಂಡ ನಿರ್ಧಾರಗಳು

ಮನೆಯ ಒಳಗೆ ಒಂದು ಮೊಳೆಯನ್ನೂ ಹೊಡೆಯುವ ಮೊದಲು ಹೊರಗಿನ ಕೆಲಸ ಮುಗಿಸಬೇಕೆಂದು ತೀರ್ಮಾನವಾಯಿತು. ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ನವೀಕರಣಕ್ಕೆಂದು ಕೂಡಿಟ್ಟ ಹಣದ ಮೊದಲ ಭಾಗ ಯಾರೂ ತಿರುಗಿ ನೋಡದ ಚರಂಡಿಗೂ ದೋಣಿಗೂ ಹೋಗುವುದೆಂದರೆ ಯಾರಿಗಾದರೂ ಬೇಸರವೇ. ಗೋಡೆಯ ಉದ್ದಕ್ಕೂ ಎರಡು ಅಡಿ ಅಗಲದ ಅಂಗಳದ ಹಾಸನ್ನು ತೆಗೆದು, ಮಣ್ಣನ್ನು ಮೂಲ ಮಟ್ಟದ ಹತ್ತಿರಕ್ಕೆ ಇಳಿಸಿ, ಜಲ್ಲಿ ತುಂಬಿದ ಆಳವಿಲ್ಲದ ಕಾಲುವೆಯನ್ನು ಮಾಡಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಕೊಡಲಾಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಹಳೆಯ ಮನೆಗಳ ತಳಪಾಯ ಹಲವೊಮ್ಮೆ ನಾವು ಎಣಿಸಿದಷ್ಟು ಆಳವಿರುವುದಿಲ್ಲ, ಆದ್ದರಿಂದ ಮೊದಲು ಒಂದು ಕಡೆ ಸಣ್ಣ ಗುಂಡಿ ತೋಡಿ ತಳಪಾಯದ ತಳ ಎಲ್ಲಿದೆಯೆಂದು ನೋಡಿಕೊಳ್ಳದೆ ಗೋಡೆಯ ಪಕ್ಕ ಉದ್ದಕ್ಕೆ ಅಗೆಯಬಾರದು. ದೋಣಿಯನ್ನು ಬದಲಿಸಲಾಯಿತು, ಬಚ್ಚಲಿನ ಕೊಳವೆಯನ್ನು ಗೋಡೆಯ ಹೊರಮೈಗೆ, ಕಣ್ಣಿಗೆ ಕಾಣುವಂತೆ ತರಲಾಯಿತು. ತೇವ ಮೇಲೇರದಂತೆ ಗೋಡೆಯ ಬುಡಕ್ಕೆ ರಾಸಾಯನಿಕ ಚುಚ್ಚುವ ಸಲಹೆಯೂ ಬಂದಿತ್ತು. ನೀರಿನ ಮೂಲವನ್ನು ನಿಲ್ಲಿಸಿದ ಮೇಲೆ ಗೋಡೆ ಹೇಗೆ ವರ್ತಿಸುತ್ತದೆಂದು ನೋಡದೆ ಅದು ಬೇಕೇ ಬೇಡವೇ ಎಂದು ತಿಳಿಯುವ ದಾರಿಯಿಲ್ಲವಾದ್ದರಿಂದ ಅದನ್ನು ಮುಂದೂಡಿದೆವು. ಕೊನೆಗೂ ಅದರ ಅಗತ್ಯ ಬೀಳಲಿಲ್ಲ.

ಆಮೇಲೆ ಸಿಮೆಂಟ್ ಪ್ಲಾಸ್ಟರನ್ನು ತೆಗೆಯುವ ಕೆಲಸ. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆಯೆಲ್ಲ ಅದು ಹಾಳೆಯಂತೆ ಎದ್ದು ಬಂತು. ಆದರೆ ನಡುಮನೆಯ ಒಂದು ಗೋಡೆಯಲ್ಲಿ ಪ್ಲಾಸ್ಟರಿನ ಜೊತೆ ಇಟ್ಟಿಗೆಯ ಮುಖವೂ ಕಿತ್ತು ಬರತೊಡಗಿತು. ಸಿಮೆಂಟಿನ ಹಿಡಿತ ಹಳೆಯ ಇಟ್ಟಿಗೆಯ ಸ್ವಂತ ಬಲಕ್ಕಿಂತ ಹೆಚ್ಚಾಗಿದ್ದ ಕಡೆ ಹೀಗಾಗುತ್ತದೆ. ಕೆಲಸ ನಿಲ್ಲಿಸಿ ಮೇಸ್ತ್ರಿಯವರೊಡನೆ ಕೂತು ಮಾತಾಡಿದೆವು. ಪ್ಲಾಸ್ಟರಿನ ಮೇಲೆ ಕಟರ್‌ನಿಂದ ಸಣ್ಣ ಸಣ್ಣ ಚೌಕಗಳಾಗಿ ಗೆರೆ ಕೊಯ್ದು, ಅಂಚಿನಿಂದ ಸಣ್ಣ ಉಳಿಯಲ್ಲಿ ಎಬ್ಬಿಸುವ ಉಪಾಯವನ್ನು ಹೇಳಿದವರು ಅವರು. ಹಾಗೆ ಮಾಡಿದಾಗಲೂ ಬಿಡದ ಕಡೆ, ಅದು ಒಳಗೋಡೆಯಾಗಿದ್ದು ಒಣಗಿಯೂ ಇದ್ದುದರಿಂದ, ಪ್ಲಾಸ್ಟರನ್ನು ಹಾಗೇ ಉಳಿಸಿದೆವು. ಎಲ್ಲವನ್ನೂ ಮೂಲಸ್ಥಿತಿಗೆ ತರಬೇಕೆಂಬ ಹಟ ಇಲ್ಲಿ ಬೇಕಿರಲಿಲ್ಲ. ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ರೂಪಿಸಿದ ವೆನಿಸ್ ಸನ್ನದು ಕೂಡ ಒಂದು ಕಟ್ಟಡಕ್ಕೆ ಬೇರೆಬೇರೆ ಕಾಲಗಳು ಕೊಟ್ಟ ಯೋಗ್ಯ ಕೊಡುಗೆಗಳನ್ನು ಗೌರವಿಸಬೇಕೆನ್ನುತ್ತದೆ. ಜನ ಬದುಕುತ್ತಿರುವ ಮನೆಗೆ ಅಷ್ಟು ಸ್ವಾತಂತ್ರ್ಯವಾದರೂ ಇರಬೇಕು.

ಪ್ಲಾಸ್ಟರ್ ತೆಗೆದಾಗ ನಡುಮನೆಯ ಪೂರ್ವದ ಗೋಡೆಯಲ್ಲಿ ಇಟ್ಟಿಗೆಯ ಸಣ್ಣ ಕಮಾನೊಂದರ ರೇಖೆ ಕಾಣಿಸಿತು. ಕೆಳಗಿನ ಇಟ್ಟಿಗೆಗಳ ಅಳತೆಯೂ ಗಾರೆಯೂ ಬೇರೆಯಾಗಿದ್ದವು. ಯಾವಾಗಲೋ ಮುಚ್ಚಿದ ಕಿಟಕಿ ಅದು. ಹಿರಿಯರಿಗೂ ಅದರ ನೆನಪಿರಲಿಲ್ಲ. ನಡುಮನೆಯ ಕತ್ತಲೆಗೆ ಉತ್ತರವಾಗಿ ಸೊಸೆ ಬಯಸಿದ್ದ ಗೋಡೆ ತೆಗೆಯುವ ಯೋಜನೆ ಆ ಹೊತ್ತಿಗೆ ಕಷ್ಟಕ್ಕೆ ಸಿಕ್ಕಿತ್ತು, ಏಕೆಂದರೆ ಅಟ್ಟದ ತೊಲೆಗಳ ಒಂದು ತುದಿ ಅದೇ ಗೋಡೆಯ ಮೇಲೆ ಕೂತಿತ್ತು. ಉಕ್ಕಿನ ತೊಲೆ ಕೊಟ್ಟು, ಎರಡೂ ತುದಿಗೆ ಆಧಾರ ಕಟ್ಟಿ ಗೋಡೆಯನ್ನು ತೆರೆಯಬಹುದಿತ್ತು. ಆದರೆ ಆ ಆಧಾರಗಳ ಭಾರ ಇಳಿಯುವ ಕಡೆ ತಳಪಾಯವನ್ನೂ ಬಲಪಡಿಸಬೇಕಿತ್ತು. ಹೀಗಾಗಿ ಮೊದಲು ಮುಚ್ಚಿದ ಕಿಟಕಿಯನ್ನು ತೆರೆದು, ಗಾಳಿಕಿಂಡಿಗಳನ್ನು ಜಾಲರಿಯೊಡನೆ ಮತ್ತೆ ತೆರೆದು, ಅಟ್ಟ ಇಲ್ಲದ ಕಡೆ ಕೆಲವು ಹೆಂಚುಗಳ ಜಾಗಕ್ಕೆ ಗಾಜಿನ ಹೆಂಚು ಹಾಕಿ ನೋಡೋಣ, ಸಾಲದಿದ್ದರೆ ಗೋಡೆಯ ವಿಚಾರ ಎತ್ತಿಕೊಳ್ಳೋಣ ಎಂದು ಒಪ್ಪಂದವಾಯಿತು. ಹಿಂದಕ್ಕೆ ಪಡೆಯಬಹುದಾದದ್ದನ್ನು ಮೊದಲು, ಹಿಂದಕ್ಕೆ ಪಡೆಯಲಾಗದ್ದನ್ನು ಕೊನೆಗೆ ಮಾಡುವ ಈ ಕ್ರಮಕ್ಕೆ ಸೊಸೆಯೇ ಮೊದಲು ಒಪ್ಪಿದ್ದು ಕೆಲಸದ ಗತಿಯನ್ನು ಬದಲಿಸಿತು.

ಗೋಡೆಗಳು ಬರಿಮೈಯಲ್ಲಿದ್ದಾಗಲೇ ವೈರಿಂಗ್ ಕೆಲಸವನ್ನೂ ಮುಗಿಸಲಾಯಿತು. ಅಟ್ಟದಲ್ಲಿ ಇನ್ನೂ ಬಳಕೆಯಲ್ಲಿದ್ದ ಹಳೆಯ ರಬ್ಬರ್ ಹೊದಿಕೆಯ ತಂತಿಗಳು ಮುಟ್ಟಿದರೆ ಪುಡಿಯಾಗುವಂತಿದ್ದವು. ಹೊಸ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ ಹಾಕಿ, ಒಂದೊಂದೇ ಸರ್ಕ್ಯೂಟನ್ನು ಅದಕ್ಕೆ ಜೋಡಿಸುತ್ತಾ ಹೋದಾಗ, ಇನ್ನೂ ಬದಲಿಸದ ಬಚ್ಚಲಿನ ಹಳೆಯ ಸರ್ಕ್ಯೂಟಿನಲ್ಲಿ ಅದು ಆನ್ ಆಗಿ ನಿಲ್ಲಲೇ ಇಲ್ಲ. ಒದ್ದೆ ಗೋಡೆಯೊಳಗಿನ ಸ್ವಿಚ್ ಪೆಟ್ಟಿಗೆಯ ಮೂಲಕ ವಿದ್ಯುತ್ ಸೋರುತ್ತಿತ್ತು. ಗುತ್ತಿಗೆದಾರರು ಹೇಳಿದ್ದ ಅಲಂಕಾರಿಕ ಪ್ಯಾನೆಲ್‌ಗಳ ಹಿಂದೆ ಇದೆಲ್ಲ ಹಾಗೇ ಉಳಿದುಬಿಡುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಕಳವಳವಾಗುತ್ತದೆ. ಬಾಗಿಲು ಕಿಟಕಿಗಳ ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ಒಣಗಿದ್ದಾಗ ಉಜ್ಜುವುದಕ್ಕೆ ಬಿಡಲಿಲ್ಲ. ಒದ್ದೆ ಮಾಡಿ ಕೆರೆದು, ಕೆರೆದದ್ದನ್ನು ಚೀಲದಲ್ಲಿ ಕಟ್ಟಿ ಸಾಗಿಸಿ, ಮುಗಿಯುವವರೆಗೂ ಮಕ್ಕಳನ್ನು ಆ ಕಡೆ ಬಿಡದಂತೆ ನೋಡಿಕೊಂಡೆವು.

ಕಾಯುವಿಕೆ

ಇಡೀ ಪ್ರಕರಣದ ಅತ್ಯಂತ ಕಠಿಣ ಹಂತ ಇದು. ಒದ್ದೆಯಾದ ಇಟ್ಟಿಗೆ ಗೋಡೆ ಒಣಗಲು ಇಂಚು ದಪ್ಪಕ್ಕೆ ಸರಿಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡ ಕೆಲಸದವರ ಸ್ಥೂಲ ಲೆಕ್ಕ. ಎರಡೂ ಮೈ ತೆರೆದಿದ್ದು ಗಾಳಿಯಾಡುತ್ತಿದ್ದರೆ ಅದು ಕಡಿಮೆಯಾಗಬಹುದು, ಆದರೂ 14 ಇಂಚಿನ ಗೋಡೆಗೆ ವಾರಗಳ ಲೆಕ್ಕ ಸಾಲದು. ಇತ್ತ ಕುಟುಂಬದಲ್ಲಿ ಒಂದು ಸಮಾರಂಭದ ದಿನ ನಿಗದಿಯಾಗಿತ್ತು. "ಬಂದವರೆಲ್ಲ ಇಟ್ಟಿಗೆ ಎದ್ದ ಗೋಡೆ ನೋಡಿಕೊಂಡು ಹೋಗಬೇಕೇ? ಮೇಲಿಂದ ಒಂದು ಕೈ ಗಾರೆ ಹಚ್ಚಿಬಿಡಿ, ಆಮೇಲೆ ಬೇಕಾದರೆ ನೋಡಿಕೊಂಡರಾಯಿತು" ಎಂದು ಹಿರಿಯರು ನೊಂದುಕೊಂಡು ಹೇಳಿದರು. "ಅಮ್ಮ, ಹೋದ ಸಲವೂ ಹೀಗೇ ಅಲ್ಲವೇ ಮಾಡಿದ್ದು" ಎಂದು ಮಗ ಅಂದದ್ದು ಸರಿಯಾಗಿತ್ತಾದರೂ ಹಿರಿಯರ ಸಂಕಟವೂ ಸಣ್ಣದಲ್ಲ. ಮನೆಗೆ ಬಂದವರ ಮುಂದೆ ಮನೆ ಅಚ್ಚುಕಟ್ಟಾಗಿ ಇರಬೇಕೆಂಬ ಬಯಕೆಯನ್ನು ತಾಂತ್ರಿಕ ಕಾರಣ ಕೊಟ್ಟು ತಳ್ಳಿಹಾಕಿದರೆ ಯಾವ ನವೀಕರಣವೂ ಮನೆಯವರದಾಗುವುದಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಆರಂಭದ ಅಳತೆಗಳು. ಮುಂಭಾಗದ ಎರಡು ಕೋಣೆಗಳ ಗೋಡೆಗಳು ಆಳದವರೆಗೂ ಒಣಗಿದ್ದವೆಂದು ನಮ್ಮ ದಾಖಲೆಯಲ್ಲಿತ್ತು. ಹೀಗಾಗಿ ಆ ಎರಡು ಕೋಣೆಗಳನ್ನು ಮತ್ತು ಪಡಸಾಲೆಯನ್ನು ಮೊದಲು ಪೂರ್ತಿ ಮುಗಿಸಿ, ಸಮಾರಂಭಕ್ಕೆ ಒಪ್ಪಿಸಿ, ಹಿಂಬದಿಯ ಗೋಡೆಗಳಿಗೆ ಒಂದು ತೆಳುವಾದ ಸುಣ್ಣ ಬಳಿದು ಬಿಡುವುದೆಂದಾಯಿತು. ತೆಳು ಸುಣ್ಣ ಆವಿಯನ್ನು ತಡೆಯುವುದಿಲ್ಲ. ಅದರ ತೀವ್ರ ಕ್ಷಾರಗುಣ ಬೂಷ್ಟು ಬೆಳೆಯುವುದನ್ನೂ ಹತ್ತಿಕ್ಕುತ್ತದೆ. ಬರಿ ಇಟ್ಟಿಗೆಯೂ ಬೆಳ್ಳಗಾದಾಗ ಅಷ್ಟೇನೂ ಮುಜುಗರವೆನಿಸಲಿಲ್ಲ. ಕಾಯುವ ತಿಂಗಳುಗಳಲ್ಲಿ ಗೋಡೆಯ ಮೇಲೆ ಮೂಡುತ್ತಿದ್ದ ಉಪ್ಪನ್ನು ಒಣ ಕುಂಚದಿಂದ ಗುಡಿಸಿ ಹೊರಗೆ ಹಾಕುವುದು ಮನೆಯವರ ಕೆಲಸವಾಯಿತು. ಅದನ್ನು ನೀರಿನಿಂದ ತೊಳೆಯಬಾರದು, ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಡ್ರಿಲ್ ಪುಡಿಯ ಪರೀಕ್ಷೆಯನ್ನು ಆಗಾಗ ಅದೇ ಆಳದಲ್ಲಿ, ಅದೇ ಎತ್ತರದಲ್ಲಿ ಮತ್ತೆ ಮಾಡಿ, ಒಳಭಾಗದ ತೇವ ಇಳಿಯುತ್ತಿರುವುದನ್ನು ಮನೆಯವರಿಗೆ ತೋರಿಸುತ್ತಿದ್ದೆವು. ಕಾಯುವುದಕ್ಕೆ ಕಾರಣ ಕಣ್ಣಿಗೆ ಕಾಣುತ್ತಿದ್ದರೆ ಜನ ಕಾಯುತ್ತಾರೆ ಎಂಬುದು ನನಗೆ ಇಲ್ಲಿ ಚೆನ್ನಾಗಿ ಮನವರಿಕೆಯಾಯಿತು.

ಗೋಡೆ ಸಾಕಷ್ಟು ಒಣಗಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯನ್ನು, ಮರಳಿನ ಒಂದಿಷ್ಟು ಭಾಗದ ಬದಲಿಗೆ ನುಣುಪಾದ ಇಟ್ಟಿಗೆ ಪುಡಿ ಸೇರಿಸಿ, ಪದರ ಪದರವಾಗಿ ಹಚ್ಚಲಾಯಿತು. ಬರಿ ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದೂ ಬಹಳ ನಿಧಾನವಾಗಿ. ಇಟ್ಟಿಗೆ ಪುಡಿ ಬೆರೆತಾಗ ತೇವದ ಜಾಗದಲ್ಲೂ ಅದು ಕಚ್ಚಿಕೊಳ್ಳುತ್ತದೆ. ಒಂದು ಪದರ ಬಿಗಿದುಕೊಳ್ಳುವ ಮೊದಲು ಮತ್ತೊಂದನ್ನು ಹಚ್ಚದಿರುವುದು, ಬಿಸಿಲಿಗೆ ಬೇಗ ಒಣಗಿ ಪುಡಿಯಾಗದಂತೆ ಹನಿ ಸಿಂಪಡಿಸಿ ಗೋಣಿ ಮರೆ ಕಟ್ಟುವುದು, ಇವೆರಡರಲ್ಲೂ ಮೇಸ್ತ್ರಿಯವರು ಕಟ್ಟುನಿಟ್ಟಾಗಿದ್ದರು. ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬದಲು ಸುಣ್ಣವನ್ನೇ ಬಳಿಯಲಾಯಿತು.

ನೆಲದ ವಿಷಯದಲ್ಲಿ ಫಲಿತಾಂಶ ಅರ್ಧಂಬರ್ಧ. ಟೈಲ್ಸ್ ಇಲ್ಲದ ಕೋಣೆಗಳ ರೆಡ್ ಆಕ್ಸೈಡ್ ನೆಲವನ್ನು ತೊಳೆದು, ಬಿರುಕುಗಳನ್ನು ಅದೇ ಬಣ್ಣದ ಸಿಮೆಂಟ್ ಮಿಶ್ರಣದಿಂದ ತುಂಬಿ, ಮೇಣ ತಿಕ್ಕಿದಾಗ ಅದರ ಹೊಳಪು ಮನೆಯವರನ್ನೇ ಬೆರಗುಗೊಳಿಸಿತು. ಆದರೆ ಟೈಲ್ಸ್ ಹಾಕಿದ ಕೋಣೆಯ ಮೂಲೆಯಲ್ಲಿ ಒಂದನ್ನು ಎಬ್ಬಿಸಿ ನೋಡಿದಾಗ, ಅಂಟು ಹಿಡಿಯಲೆಂದು ಕೆಳಗಿನ ನೆಲವನ್ನೆಲ್ಲ ಉಳಿಯಿಂದ ಕಚ್ಚು ಮಾಡಿದ್ದು ಕಂಡಿತು. ಅದನ್ನು ಮರಳಿ ಪಡೆಯುವಂತಿರಲಿಲ್ಲ. ಆ ಎರಡು ಕೋಣೆಗಳ ಟೈಲ್ಸನ್ನು ಹಾಗೇ ಬಿಟ್ಟೆವು. ಚಾವಣಿಯಲ್ಲಿ ಗೆದ್ದಲು ಹಿಡಿದ ಕೆಲವು ರೀಪುಗಳನ್ನೂ ಒಡೆದ ಹೆಂಚುಗಳನ್ನೂ ಬದಲಿಸುವುದರಲ್ಲಿ, ಅಡುಗೆಮನೆಗೆ ಹೊಗೆ ಎಳೆಯುವ ಫ್ಯಾನ್ ಮತ್ತು ಹೊಸ ಕಟ್ಟೆ ಕೊಡುವುದರಲ್ಲಿ ಹೇಳಿಕೊಳ್ಳುವಂಥ ತೊಡಕೇನೂ ಬರಲಿಲ್ಲ.

ಫಲಿತಾಂಶ

ಕೆಲಸ ಮುಗಿದ ಮೇಲೆ ಒಂದು ಪೂರ್ತಿ ಮಳೆಗಾಲವನ್ನು ಮನೆ ಕಂಡಿದೆ. ಮುಗ್ಗಲು ವಾಸನೆ ಹೋಗಿದೆ. ಗಾರೆ ಹಚ್ಚುವುದಕ್ಕೂ ಮೊದಲು, ಹೊರಗಿನ ಚರಂಡಿ ಮುಗಿದು ಗಾಳಿಕಿಂಡಿಗಳು ತೆರೆದ ಕೆಲವೇ ವಾರಗಳಲ್ಲಿ ಅದು ಇಳಿಯತೊಡಗಿತ್ತೆಂದು ಸೊಸೆ ನೆನಪಿಸಿಕೊಳ್ಳುತ್ತಾರೆ. ನಡುಮನೆಯಲ್ಲಿ ಹಗಲು ದೀಪ ಹಾಕುವುದು ನಿಂತಿದೆ. ಪೂರ್ವದ ಕಿಟಕಿ, ಗಾಜಿನ ಹೆಂಚು ಮತ್ತು ಬಿಳಿಯ ಸುಣ್ಣದ ಗೋಡೆ ಮೂರೂ ಸೇರಿದ ಪರಿಣಾಮವಿದು; ಒಳ್ಳೆಯ ಬಿಳಿಯ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 80ರಷ್ಟನ್ನು ಮರಳಿ ಕೋಣೆಗೆ ಕೊಡುತ್ತದೆ. ನಡುಗೋಡೆಯನ್ನು ತೆಗೆಯುವ ಮಾತನ್ನು ಈಗ ಯಾರೂ ಎತ್ತುತ್ತಿಲ್ಲ. ಅಡುಗೆಮನೆ ಇನ್ನೂ ಸ್ವಲ್ಪ ಇಕ್ಕಟ್ಟೇ ಎಂಬುದು ಸೊಸೆಯ ನ್ಯಾಯವಾದ ದೂರು. ಸುಣ್ಣದ ಗೋಡೆಗೆ ಒರಗಿದರೆ ಬಟ್ಟೆಗೆ ಬಿಳುಪು ಹತ್ತುತ್ತದೆ ಎಂಬುದು ಹಿರಿಯರ ದೂರು. ಆಸನಗಳಿರುವ ಕಡೆ ಬೆನ್ನೆತ್ತರಕ್ಕೆ ಮರದ ಪಟ್ಟಿ ಹೊಡೆಸಿ ಅದನ್ನು ಬಗೆಹರಿಸಿಕೊಂಡಿದ್ದಾರೆ. ಅವಧಿ ಮಾತ್ರ ಮೊದಲು ಅಂದುಕೊಂಡದ್ದರ ಎರಡು ಪಟ್ಟಾಯಿತು, ಮತ್ತು ಹೆಚ್ಚಿದ ಅವಧಿಯ ಬಹುಪಾಲು ಗೋಡೆ ಒಣಗುವುದಕ್ಕೇ ಹೋಯಿತು.

ಹಿಂಬದಿಯ ಗೋಡೆಯ ಕೆಳಗಿನ ಎರಡು ಅಡಿಯಲ್ಲಿ ಇನ್ನೂ ಉಪ್ಪು ಮೂಡುತ್ತಿದೆ. ನೀರಿನ ಮೂಲ ನಿಂತರೂ ವರ್ಷಗಳಿಂದ ಶೇಖರವಾದ ಲವಣ ಒಂದೇ ಸಲಕ್ಕೆ ಹೋಗುವುದಿಲ್ಲ. ಅಡುಗೆ ಉಪ್ಪಿನಂಥ ಲವಣ, ಗಾಳಿಯ ಸಾಪೇಕ್ಷ ತೇವಾಂಶ ಶೇ. 75 ದಾಟಿದಾಗ ಗಾಳಿಯಿಂದಲೇ ನೀರೆಳೆದು ಕರಗುತ್ತದೆ, ಒಣಹವೆಯಲ್ಲಿ ಮತ್ತೆ ಹರಳುಗಟ್ಟುತ್ತದೆ; ಗಾರೆಯನ್ನು ಉದುರಿಸುವುದು ಈ ಹರಳುಗಳ ಒತ್ತಡ. ಇದು ಮೊದಲೇ ಗೊತ್ತಿದ್ದುದರಿಂದ ಆ ಭಾಗದ ಗಾರೆಯನ್ನು ಉಪ್ಪನ್ನು ಹೀರಿಕೊಂಡು ಸವೆಯುವ ಬಲಿಪದರವೆಂದೇ, ಮೇಲಿನ ಗಾರೆಯಿಂದ ಬೇರೆಯಾಗಿ, ಒಂದು ಗೆರೆ ಬಿಟ್ಟು ಹಚ್ಚಲಾಗಿತ್ತು. ಇಟ್ಟಿಗೆಯ ಬದಲು ಅದು ಸವೆಯಬೇಕು. ಸವೆದ ಮೇಲೆ ಅದನ್ನಷ್ಟೇ ತೆಗೆದು ಹೊಸದನ್ನು ಹಚ್ಚಬೇಕು.

ಇದೇ ಬಗೆಯ ಮನೆಯವರಿಗೆ ಉಪಯೋಗವಾಗಬಹುದಾದದ್ದು ನನ್ನ ಪ್ರಕಾರ ಸುಣ್ಣ, ಗಾರೆಗಳ ಪಾಕಕ್ಕಿಂತ ಕೆಲಸಗಳ ಅನುಕ್ರಮ. ಈ ಮನೆಯಲ್ಲಿ ಹಿಂದೆ ವಿಫಲವಾದ ಬಣ್ಣವೂ ಪ್ಲಾಸ್ಟರೂ ತಮ್ಮಷ್ಟಕ್ಕೆ ಕಳಪೆಯಾಗಿರಲಿಲ್ಲ, ಅವು ತಮ್ಮ ಸರದಿಗಿಂತ ಮೊದಲು ಬಂದಿದ್ದವು. ಕೊಳವೆ, ದೋಣಿ, ಹೊರನೆಲದ ಮಟ್ಟ ಸರಿಯಾಗದೆ ಗೋಡೆಯನ್ನು ಮುಟ್ಟಿದರೆ, ಗೋಡೆ ಒಣಗದೆ ಗಾರೆಯನ್ನು ಮುಟ್ಟಿದರೆ, ವೈರಿಂಗ್ ಮುಗಿಯದೆ ಬಣ್ಣವನ್ನು ಮುಟ್ಟಿದರೆ, ಮಾಡಿದ್ದನ್ನು ಒಡೆದು ಮತ್ತೆ ಮಾಡಬೇಕಾಗುತ್ತದೆ. ಇದರ ಜೊತೆಗೆ, ಒಣ ಕೋಣೆ ಯಾವುದು, ಒದ್ದೆ ಕೋಣೆ ಯಾವುದು ಎಂಬುದನ್ನು ಅಳೆದು ಬರೆದಿಡದೇ ಇದ್ದಿದ್ದರೆ ಸಮಾರಂಭದ ಒತ್ತಡಕ್ಕೆ ಮಣಿದು ಇಡೀ ಮನೆಗೆ ಗಾರೆ ಹಚ್ಚಬೇಕಾಗುತ್ತಿತ್ತು. ಅಳತೆಯಿದ್ದುದರಿಂದ ಮನೆಯನ್ನು ಎರಡು ವೇಗದಲ್ಲಿ ಮುಗಿಸಲು ಸಾಧ್ಯವಾಯಿತು.

ಕೆಲಸ ಒಪ್ಪಿಸುವಾಗ ಮನೆಯವರ ಕೈಗೆ ಒಂದು ಕಡತವನ್ನು ಕೊಟ್ಟಿದ್ದೇವೆ. ಗಾರೆ ಹಚ್ಚುವ ಮುಂಚೆ ತೆಗೆದ ಗೋಡೆಗಳ ಚಿತ್ರಗಳು, ವೈರಿಂಗ್ ಮತ್ತು ಕೊಳವೆಗಳು ಹೋಗಿರುವ ದಾರಿ, ತೇವದ ಅಳತೆಗಳ ಪಟ್ಟಿ, ಬಲಿಪದರದ ಗಾರೆಯ ಪ್ರಮಾಣ ಅದರಲ್ಲಿವೆ. ಮಳೆಗಾಲಕ್ಕೆ ಮುಂಚೆ ದೋಣಿಯ ಕಸ ತೆಗೆಯುವುದು, ಅಂಗಳಕ್ಕೆ ಹೊಸ ಹಾಸು ಹಾಕಿಸುವ ಮಾತು ಬಂದರೆ ಗೋಡೆಯ ಪಕ್ಕದ ಎರಡು ಅಡಿಯನ್ನು ಮುಟ್ಟದಿರುವುದು, ಸುಣ್ಣದ ಮೇಲೆ ಎಮಲ್ಷನ್ ಬಳಿಸದಿರುವುದು ಎಂಬ ಮೂರು ಮಾತುಗಳನ್ನು ಮೊದಲ ಪುಟದಲ್ಲೇ ಬರೆದಿದೆ. ಹಿಂಬದಿಯ ಬಲಿಪದರವನ್ನು ಬದಲಿಸುವ ಮೊದಲು ಅದೇ ಜಾಗದಲ್ಲಿ ಆಳದ ತೇವವನ್ನು ಮತ್ತೊಮ್ಮೆ ಅಳೆಯಬೇಕಾಗಿದೆ. ಅದು ಇಳಿದಿದ್ದರೆ ಹೊಸ ಗಾರೆ ಹಚ್ಚುವುದು, ಇಳಿಯದಿದ್ದರೆ ಅಲ್ಲಿ ಇನ್ನೊಂದು ನೀರಿನ ಮೂಲವನ್ನು ಹುಡುಕುವುದು ಎಂದು ಮನೆಯವರೊಡನೆ ಮಾತಾಗಿದೆ.